ಮಾರ್ಚ್ 2020ರಲ್ಲಿ ಷೇರು ಮಾರ್ಕೆಟ್ ಬಿದ್ದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಏನು ಮಾಡಿದ್ರು?

ಸಿದ್ದಾಪುರದ ಮಾಣಿ

ಎಲ್ಲರಿಗೂ ನಮಸ್ಕಾರ. ನಾನು ಷೇರು, ಮ್ಯೂಚುವಲ್ ಫಂಡ್ ಅಂತ ಶುರು ಮಾಡಿದ್ದು 2021ರ ನಂತರ. ಕೊರೊನಾ ಕಾಲದ ಆ ದೊಡ್ಡ ಕುಸಿತವನ್ನು ನಾನು ಗ್ರಾಫ್‌ನಲ್ಲಿ ಮಾತ್ರ ನೋಡಿದ್ದೇನೆ. ಬಿತ್ತು, ಎದ್ದಿತು, ಮುಗೀತು. ಆದರೆ ಆಗ ದುಡ್ಡು ಹಾಕಿ ಕೂತವರಿಗೆ ಅದು ಏಳುತ್ತದೆ ಅಂತ ಗೊತ್ತಿರಲಿಲ್ಲ ಅಲ್ವಾ?

ಈಗ ಮಾರ್ಕೆಟ್ ಸ್ವಲ್ಪ ಇಳಿದರೂ ನಮ್ಮ ಮನೆಯಲ್ಲಿ ಮಾತು ಶುರು. ಅಪ್ಪಯ್ಯ "ತೆಗೆದುಬಿಡು" ಅಂತಾರೆ. ಬೆಂಗಳೂರಿನಲ್ಲಿರುವ ಭಾವ "ಇದೇ ಟೈಮು, ಇನ್ನೂ ಹಾಕು" ಅಂತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆ ಆಗುವುದಿಲ್ಲ.

ಅದಕ್ಕೆ ಕೇಳುತ್ತಿದ್ದೇನೆ. ಆಗ ದುಡ್ಡು ಹಾಕಿದ್ದವರು ಏನು ಮಾಡಿದ್ರಿ? ಮಾರಿದ್ರಾ, ಸುಮ್ನೆ ಕೂತ್ರಾ, ಇನ್ನೂ ಕೊಂಡ್ರಾ? ಯಾಕೆ ಹಾಗೆ ಮಾಡಿದ್ರಿ ಅನ್ನುವುದನ್ನೂ ಹೇಳಿ. ಪುಸ್ತಕದ ಬುದ್ಧಿಮಾತು ಬೇಡ. ನಮ್ಮ ಕಡೆಯವರ ಕಥೆ ಬೇಕು.

ಶಿರಸಿ ಪೇಟೆ

ಒಳ್ಳೆಯ ಪ್ರಶ್ನೆ ತಮ್ಮಾ. ನಾನು ಆಗ ಶಿರಸಿಯ ಒಂದು ಸಬ್‌ಬ್ರೋಕರ್ (ಷೇರು ದಲ್ಲಾಳಿ) ಆಫೀಸಿನಲ್ಲಿ ಟರ್ಮಿನಲ್ ಮುಂದೆ ಕೂರುತ್ತಿದ್ದೆ. ಜನ ಏನು ಮಾಡಿದರು ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ.

ಆ ವರ್ಷ ಮಾರ್ಚ್ ಮೊದಲ ವಾರದಲ್ಲಿ ಮಾರಿಕಾಂಬಾ ಜಾತ್ರೆ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡಕಿಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಜನವರಿ 20ಕ್ಕೆ 42,273 ಮುಟ್ಟಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅಷ್ಟರಲ್ಲಿ ಇಳಿಯುತ್ತಾ ಬಂದಿತ್ತು. ಆದರೂ ಯಾರಿಗೂ ಅಂಥ ಗಾಬರಿ ಇರಲಿಲ್ಲ. ಮಾರ್ಚ್ 5ಕ್ಕೆ ಯೆಸ್ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಬಂತು, ಖಾತೆಯಿಂದ 50 ಸಾವಿರಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ. ಆಗ ಫೋನು ಬರಲು ಶುರುವಾಯಿತು. 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಬಂದ ಪಿಡುಗು ಅಂತ ಘೋಷಿಸಿತು. ಮರುದಿನ ಸೆನ್ಸೆಕ್ಸ್ 2,919 ಅಂಕ ಬಿತ್ತು.

13 ಶುಕ್ರವಾರ. 9.15ಕ್ಕೆ ಮಾರ್ಕೆಟ್ ತೆರೆಯಿತು. ಕೆಲವೇ ನಿಮಿಷದಲ್ಲಿ ಇನ್ನೊಂದು ಸೂಚ್ಯಂಕ ನಿಫ್ಟಿ ಶೇ. 10 ಬಿದ್ದು ಲೋವರ್ ಸರ್ಕ್ಯೂಟ್, ಅಂದರೆ ಇಳಿಕೆಯ ಮಿತಿ ಮುಟ್ಟಿತು. 45 ನಿಮಿಷ ವಹಿವಾಟು ಬಂದ್. ಪರದೆ ಪೂರ್ತಿ ಕೆಂಪು, ಒಂದು ಅಂಕಿಯೂ ಅಲುಗಾಡುತ್ತಿಲ್ಲ. ನಮ್ಮ ಗಿರಾಕಿ ಒಬ್ಬ ಹಿರಿಯರು ಬೆಂಚಿನ ಮೇಲೆ ಕೂತಿದ್ದರು. ಜೇಬಿನಿಂದ ತಮ್ಮ ಹೋಲ್ಡಿಂಗ್ ಸ್ಟೇಟ್‌ಮೆಂಟ್ ತೆಗೆದು, ಮೊಣಕಾಲ ಮೇಲಿಟ್ಟು, ಪೆನ್ನಿನಿಂದ ಒಂದೊಂದೇ ಷೇರಿಗೆ ಗೀಟು ಎಳೆಯುತ್ತಿದ್ದರು. "ಇದು ಮಾರು. ಇದು ಇರಲಿ. ಇದು ಮಾರು." ವಹಿವಾಟು ಮತ್ತೆ ಶುರುವಾದಾಗ ಮಾರ್ಕೆಟ್ ಮೇಲೆ ಏರತೊಡಗಿತು. ಅವರು ಕಾಗದ ಮಡಚಿ ಜೇಬಿಗೆ ಹಾಕಿದರು. ಸಂಜೆ ಸೆನ್ಸೆಕ್ಸ್ 1,325 ಅಂಕ ಲಾಭದಲ್ಲಿ ಮುಗಿಯಿತು. ಮುಖದಲ್ಲಿ ನಗು ಇಟ್ಟುಕೊಂಡು ಮನೆಗೆ ಹೋದರು.

ಹತ್ತು ದಿನದ ಮೇಲೆ, ಜನತಾ ಕರ್ಫ್ಯೂ ಮುಗಿದ ಮರುದಿನ, 23ಕ್ಕೆ, ಮತ್ತೆ ಸರ್ಕ್ಯೂಟ್. ಈ ಸಲ ತೆರೆದ ಮೇಲೂ ಏಳಲಿಲ್ಲ. ಒಂದೇ ದಿನ 3,934 ಅಂಕ, ಶೇ. 13. ಆ ದಿನ ಅವರು ಫೋನಿನಲ್ಲೇ ಹೇಳಿ ಎಲ್ಲವನ್ನೂ ಮಾರಿಸಿದರು. ಗೀಟು ಹಾಕಿದ್ದನ್ನೂ, ಹಾಕದ್ದನ್ನೂ.

ನಾನು ಅಲ್ಲಿ ಕಂಡದ್ದು ಇದು. ಮೊದಲ ಹೊಡೆತಕ್ಕೆ ಜನ ಅಷ್ಟಾಗಿ ಮಾರುವುದಿಲ್ಲ. ಒಮ್ಮೆ ಎದ್ದು, ಸಮಾಧಾನ ಕೊಟ್ಟು, ಮತ್ತೆ ಬಿದ್ದಾಗ ಧೈರ್ಯ ಹೋಗುತ್ತದೆ. ಮರುದಿನ, ಮಾರ್ಚ್ 24ಕ್ಕೆ, ನಿಫ್ಟಿ 7,511ಕ್ಕೆ ಇಳಿದು ಅಲ್ಲಿಂದ ತಿರುಗಿತು. ಅದೇ ತಳ ಅಂತ ಆವತ್ತು ಹೇಳುವವರು ನಮ್ಮ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ.

ಗುಡ್ಡದ ಸಿಗ್ನಲ್

ಸಾಲ ಮಾಡಿ ಆಡಿದವರ ಕಥೆಯನ್ನೂ ಹೇಳಿ ಅಣ್ಣ.

ಶಿರಸಿ ಪೇಟೆ

ಅವರಿಗೆ ಆಯ್ಕೆಯೇ ಇರಲಿಲ್ಲ. ಮಾರ್ಜಿನ್ ಮೇಲೆ, ಅಂದರೆ ಸ್ವಲ್ಪ ದುಡ್ಡು ಕಟ್ಟಿ ಉಳಿದದ್ದು ಸಾಲದಲ್ಲಿ, ಕೊಂಡಿದ್ದವರು ಬೆಳಿಗ್ಗೆ ದುಡ್ಡು ತುಂಬಬೇಕು, ಇಲ್ಲದಿದ್ದರೆ ಸಿಸ್ಟಮ್ಮೇ ಮಾರಿಬಿಡುತ್ತದೆ. ಒಳ್ಳೆಯ ಕಂಪನಿಯ ಷೇರು ಇದ್ದವರದ್ದೂ ಹೋಯಿತು. "ಜನ ಹೆದರಿ ಮಾರಿದರು" ಅಂತ ಎಲ್ಲರೂ ಬರೆಯುತ್ತಾರೆ. ಅದರಲ್ಲಿ ಎಷ್ಟೋ ಮಾರಾಟ ಹೆದರಿಕೆಯದ್ದಲ್ಲ, ಸಾಲದ್ದು. ಆ ತಿಂಗಳು ವಿದೇಶಿ ಹೂಡಿಕೆದಾರರೂ 60 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಮೌಲ್ಯದ ಷೇರು ಮಾರಿ ಹೊರಟಿದ್ದರು. ಅಷ್ಟು ದೊಡ್ಡ ಮಾರಾಟದ ಎದುರು ನಮ್ಮ ಸಣ್ಣ ಗಿರಾಕಿಯ ಧೈರ್ಯ, ಹೆದರಿಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅಕ್ಕೋರು ಕಾರವಾರ

ನಾನು ನಿವೃತ್ತ ಶಿಕ್ಷಕಿ. ನಮ್ಮ ಮನೆಯವರ ನಿವೃತ್ತಿಯ ದುಡ್ಡಿನಲ್ಲಿ ಒಂದು ಪಾಲು ಮ್ಯೂಚುವಲ್ ಫಂಡಿನಲ್ಲಿತ್ತು. ದೊಡ್ಡ ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿತ್ತು.

ಮಾರ್ಚ್ ಕೊನೆಗೆ ಫಂಡಿನ ಮೊತ್ತ ನೋಡಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಾಯ. ಹೊರಗೆ ಪೊಲೀಸ್ ಜೀಪಿನಲ್ಲಿ ಮೈಕ್ ಕೂಗುತ್ತಿದೆ. ಭಟ್ಕಳದಲ್ಲಿ ಕೇಸು ಬಂದಿದೆ, ರೋಗಿಗಳನ್ನು ಇಲ್ಲಿಗೆ, ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ತರುತ್ತಿದ್ದಾರೆ. ಮೀನು ಮಾರ್ಕೆಟ್ ಬಂದ್. ಮಗ ಪುಣೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಇಂಥ ಹೊತ್ತಿನಲ್ಲಿ ಫಂಡಿನ ವಿಷಯ ನಮಗೆ ಎರಡನೆಯದ್ದೋ ಮೂರನೆಯದ್ದೋ ಆಗಿತ್ತು, ನಿಜ ಹೇಳುತ್ತೇನೆ.

ನಾವು ಮಾರಲಿಲ್ಲ. ಅದಕ್ಕೆ ನಮ್ಮ ಧೈರ್ಯ ಕಾರಣ ಅಲ್ಲ. ತಿಂಗಳ ಪಿಂಚಣಿ ಬರುತ್ತಿತ್ತು. ಮೂರು ತಿಂಗಳಿಗೊಮ್ಮೆ ಅಂಚೆ ಕಚೇರಿಯ ಬಡ್ಡಿ ಬರುತ್ತಿತ್ತು. ಫಂಡನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಒಂದು ವಿಷಯ ಹೇಳಲೇಬೇಕು. ಹಿರಿಯ ನಾಗರಿಕರ ಯೋಜನೆಯ ಬಡ್ಡಿ ಆಗ ಶೇ. 8.6 ಇತ್ತು. ಏಪ್ರಿಲ್ 1ರಿಂದ 7.4 ಮಾಡಿದರು. ಪಿಪಿಎಫ್ 7.9ರಿಂದ 7.1ಕ್ಕೆ ಬಂತು. ಹಿರಿಯ ನಾಗರಿಕರ ಯೋಜನೆಯಲ್ಲಿ ಖಾತೆ ತೆರೆದ ದಿನದ ದರವೇ ಐದು ವರ್ಷಕ್ಕೂ ಇರುತ್ತದೆ, ಹಾಗಾಗಿ ಮೊದಲೇ ತೆರೆದಿದ್ದ ನಮಗೆ ತೊಂದರೆ ಆಗಲಿಲ್ಲ. ಆದರೆ ಎಪ್ರಿಲ್‌ನಲ್ಲಿ ನಿವೃತ್ತರಾದ ನಮ್ಮ ಸ್ನೇಹಿತೆಯೊಬ್ಬರಿಗೆ ಎರಡೂ ಕಡೆ ಬಾಗಿಲು ಮುಚ್ಚಿತು. ಷೇರಿಗೆ ಹಾಕಲು ಭಯ, ಬ್ಯಾಂಕಿಗೆ ಹಾಕಿದರೆ ವರ್ಷದ ಠೇವಣಿಗೆ ಶೇ. 5ರ ಆಸುಪಾಸು. ಕುಸಿತ ಅಂದರೆ ಷೇರು ಇದ್ದವರ ಕಥೆ ಮಾತ್ರ ಅಂದುಕೊಳ್ಳಬೇಡಿ. ಷೇರನ್ನೇ ಮುಟ್ಟದ ಹಿರಿಯರಿಗೂ ಅದರ ಬಿಸಿ ತಟ್ಟಿತು.

ಮಾಜಾಳಿ ಗಡಿ

ನಾನು ಮಾರಿದೆ. ಇಲ್ಲಿ ಯಾರೂ ಹಾಗೆ ಹೇಳಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಗೋವಾದಲ್ಲಿ ಒಂದು ಹೋಟೆಲಿನಲ್ಲಿ ಕೆಲಸ. ನಮ್ಮೂರಿನಿಂದ ದಿನಾ ಹೋಗಿ ಬರುವವರು ತುಂಬಾ ಜನ ಇದ್ದೇವೆ. ಗಡಿ ಮುಚ್ಚಿತು. ಈಚೆ ಮಾಜಾಳಿ, ಆಚೆ ಪೋಳೆ, ನಡುವೆ ಬ್ಯಾರಿಕೇಡ್. ಮಾರ್ಚ್ ಸಂಬಳ ಅರ್ಧ ಬಂತು. ಏಪ್ರಿಲ್‌ನದ್ದು ಬರಲಿಲ್ಲ. ಆಯಿಗೆ ಶುಗರ್, ಬಿಪಿ ಔಷಧಿ ನಿಲ್ಲಿಸುವ ಹಾಗಿಲ್ಲ. ತಂಗಿಯ ಕಾಲೇಜು ಫೀಸು ಬಾಕಿ.

ಏಪ್ರಿಲ್‌ನಲ್ಲಿ ಫಂಡಿನಿಂದ ದುಡ್ಡು ತೆಗೆದೆ. ಹಾಕಿದ್ದಕ್ಕಿಂತ ಕಡಿಮೆಗೆ. ತಿಂಗಳು ತಿಂಗಳು ಫಂಡಿಗೆ ಹಾಕುವ ಕಂತು, ಎಸ್‌ಐಪಿಯನ್ನೂ ನಿಲ್ಲಿಸಿದೆ. ಆಮೇಲೆ ಎಲ್ಲರೂ "ಅಯ್ಯೋ, ತಳದಲ್ಲಿ ಮಾರಿದೆಯಲ್ಲಾ" ಅಂದರು. ನನಗೆ ಅದರಲ್ಲಿ ಬೇಸರ ಇಲ್ಲ. ಆ ದುಡ್ಡು ಕೂಡಿಟ್ಟದ್ದೇ ಮನೆಗೆ ಕಷ್ಟ ಬಂದಾಗ ಬೇಕು ಅಂತ. ಕಷ್ಟ ಬಂತು, ತೆಗೆದೆ. ಮತ್ತೆ ಹಾಗೇ ಆದರೆ ಮತ್ತೆ ತೆಗೆಯುತ್ತೇನೆ.

ಇಲ್ಲಿ ಓದುವ ನನ್ನಂಥವರಿಗೆ ಒಂದು ಮಾತು. ಆಗ ಸರ್ಕಾರ ಪಿಎಫ್‌ನಿಂದ ಕೊರೊನಾ ಮುಂಗಡ ತೆಗೆಯಲು ಬಿಟ್ಟಿತ್ತು. ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಅಥವಾ ಖಾತೆಯಲ್ಲಿರುವುದರ ಶೇ. 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸಾಲದ ಕಂತಿಗೂ ಮಾರ್ಚ್‌ನಿಂದ ಆಗಸ್ಟ್‌ವರೆಗೆ ವಿರಾಮ ಸಿಕ್ಕಿತ್ತು. ನಮ್ಮ ಓಣಿಯಲ್ಲಿ ಎಷ್ಟೋ ಮನೆಯವರು ಇದರಿಂದಲೇ ಆ ಮಳೆಗಾಲ ದಾಟಿದರು.

ಲೆಕ್ಕದ ಪುಸ್ತಕ

ಮಾಜಾಳಿಯವರೇ, ನೀವು ಮಾಡಿದ್ದು ಸರಿಯಾಗಿದೆ. ನಾನು ಕುಮಟಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ಆ ವರ್ಷದ ರಿಟರ್ನ್ಸ್ ತುಂಬುವಾಗ ಯಾರು ಯಾವಾಗ ಮಾರಿದರು ಅನ್ನುವುದು ದಿನಾಂಕದ ಸಮೇತ ನನ್ನ ಮುಂದೆ ಬಂತು. ಯಾರ ಗುರುತೂ ಹೇಳದೆ ಎರಡು ಮಾತು ಹೇಳುತ್ತೇನೆ.

ಮಾರ್ಚ್‌ನಲ್ಲಿ ಜನ ಓಡಿಹೋದರು ಅನ್ನುವುದು ಪೂರ್ತಿ ನಿಜ ಅಲ್ಲ. ದೇಶದ ಲೆಕ್ಕ ನೋಡಿ. ಮಾರ್ಚ್ 2020ರಲ್ಲಿ ಎಸ್‌ಐಪಿ ಮೂಲಕ 8,641 ಕೋಟಿ ರೂಪಾಯಿ ಬಂತು. ಅದರ ಹಿಂದಿನ ತಿಂಗಳಿಗಿಂತ ಜಾಸ್ತಿ. ಷೇರಿನಲ್ಲಿ ದುಡ್ಡು ಹಾಕುವ ಈಕ್ವಿಟಿ ಫಂಡ್‌ಗಳಿಗೆ ಆ ತಿಂಗಳು ನಿವ್ವಳ 11 ಸಾವಿರ ಕೋಟಿಗೂ ಮೇಲೆ ಹರಿದುಬಂತು. ಅಷ್ಟು ಬಿದ್ದ ತಿಂಗಳಲ್ಲೇ!

ಹಾಗಾದರೆ ಜನ ಯಾವಾಗ ತೆಗೆದರು? ಜುಲೈನಿಂದ. ಮಾರ್ಕೆಟ್ ಏರುತ್ತಿರುವಾಗ. ಜುಲೈ 2020ರಿಂದ ಫೆಬ್ರವರಿ 2021ರವರೆಗೆ, ಸತತ ಎಂಟು ತಿಂಗಳು, ಈಕ್ವಿಟಿ ಫಂಡ್‌ಗಳಿಂದ ಹೋದ ದುಡ್ಡೇ ಬಂದದ್ದಕ್ಕಿಂತ ಜಾಸ್ತಿ. ನನ್ನ ಮುಂದೆ ಬಂದ ಕಾಗದಗಳಲ್ಲೂ ಅದೇ. ಏಪ್ರಿಲ್‌ನಲ್ಲಿ ಮಾರಿದವರು ಬೆರಳೆಣಿಕೆಯಷ್ಟು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ ಮಾರಿದವರು ತುಂಬಾ ಜನ. ಕೇಳಿದರೆ ಒಂದೇ ಉತ್ತರ, "ಅಸಲು ವಾಪಸ್ ಬಂತು ಮಾರಾಯ್ರೇ, ಸಾಕು."

ನನಗೆ ನಿಜವಾಗಿ ಸಂಕಟ ಆದದ್ದು ಇವರನ್ನು ನೋಡಿ. ಶೇ. 38 ಬಿದ್ದಾಗ ಕಷ್ಟಪಟ್ಟು ಹಲ್ಲು ಕಚ್ಚಿ ಕೂತವರು. ಅಷ್ಟು ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಬೇಕಾದರೆ ಶೇ. 61 ಏರಬೇಕು. ಅದೂ ಏರಿತು. ಅಷ್ಟನ್ನೂ ಕಾದು, ಅಸಲಿನ ಗೆರೆ ಮುಟ್ಟಿದ ದಿನ ಎದ್ದು ಹೋದರು. ಅವರಲ್ಲಿ ಹೆಚ್ಚಿನವರಿಗೆ ಆ ದುಡ್ಡಿನ ತುರ್ತು ಇರಲಿಲ್ಲ. 2021ರ ಜನವರಿ 21ಕ್ಕೆ ಸೆನ್ಸೆಕ್ಸ್ ಮೊದಲ ಸಲ 50 ಸಾವಿರ ದಾಟಿತು.

ಸಿದ್ದಾಪುರದ ಮಾಣಿ

ಇದು ನನಗೆ ಹೊಸ ವಿಷಯ ಸರ್. ಎಲ್ಲರೂ ತಳದಲ್ಲಿ ಮಾರಿದರು ಅಂತಲೇ ತಿಳಿದುಕೊಂಡಿದ್ದೆ. ಅಸಲು ಬಂದಾಗ ಯಾಕೆ ಮಾರಬೇಕು? ಮಾರ್ಕೆಟ್‌ಗೆ ನಮ್ಮ ಅಸಲು ಎಷ್ಟು ಅಂತ ಗೊತ್ತೇ ಇಲ್ಲವಲ್ಲ.

ಲೆಕ್ಕದ ಪುಸ್ತಕ

ಮಾರ್ಕೆಟ್‌ಗೆ ಗೊತ್ತಿಲ್ಲ, ನಮಗೆ ಗೊತ್ತು. ಕಷ್ಟವೇ ಅಲ್ಲಿ. ನಾವು ಕೊಂಡ ಬೆಲೆ ನಮ್ಮ ತಲೆಯಲ್ಲಿ ಕೂತಿರುತ್ತದೆ. ಅದಕ್ಕಿಂತ ಕೆಳಗೆ ಮಾರಿದರೆ ಸೋತ ಹಾಗೆ, ಮೇಲೆ ಮಾರಿದರೆ ಗೆದ್ದ ಹಾಗೆ ಅನ್ನಿಸುತ್ತದೆ. 1985ರಲ್ಲೇ ಹರ್ಷ್ ಶೆಫ್ರಿನ್, ಮೀರ್ ಸ್ಟಾಟ್‌ಮನ್ ಎಂಬ ಇಬ್ಬರು ಪ್ರಾಧ್ಯಾಪಕರು ಈ ಸ್ವಭಾವದ ಬಗ್ಗೆ ಬರೆದಿದ್ದಾರೆ. ಲಾಭದಲ್ಲಿರುವ ಷೇರನ್ನು ಜನ ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಹಿಡಿದುಕೊಂಡೇ ಕೂರುತ್ತಾರೆ.

2020ರಲ್ಲಿ ಇದಕ್ಕೆ ಮನೆಯವರ ಭಯವೂ ಸೇರಿತು. ಸೆಪ್ಟೆಂಬರ್‌ನಲ್ಲಿ ಕೊರೊನಾ ಕೇಸು ಜೋರಾಗಿದ್ದಾಗ ಮಾರ್ಕೆಟ್ ಮಾತ್ರ ಮಾರ್ಚ್‌ನ ತಳಕ್ಕಿಂತ ತುಂಬಾ ಮೇಲಿತ್ತು. "ಊರೆಲ್ಲ ಮಲಗಿದೆ, ಇದು ಹೇಗೆ ಏರುತ್ತದೆ? ಇದು ಸುಳ್ಳು ಏರಿಕೆ" ಅಂತ ಅನೇಕರ ನಂಬಿಕೆ. ಏರಿದ್ದಕ್ಕೆ ಬಡ್ಡಿ ಇಳಿದದ್ದು ದೊಡ್ಡ ಕಾರಣ. ಆರ್‌ಬಿಐ ಮಾರ್ಚ್ 27ಕ್ಕೆ ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ. 4.4ಕ್ಕೆ ಇಳಿಸಿತು, ಮೇ 22ಕ್ಕೆ ಶೇ. 4ಕ್ಕೆ. ಅಮೆರಿಕದ ಫೆಡರಲ್ ರಿಸರ್ವ್ ಸೊನ್ನೆಯ ಹತ್ತಿರಕ್ಕೇ ತಂದಿತು. ಮಾರ್ಚ್‌ನಲ್ಲಿ ಹೋದ ವಿದೇಶಿ ದುಡ್ಡು ವಾಪಸ್ ಬಂತು. ಊರಿನ ಪೇಟೆಯಲ್ಲಿ ಕಾಣುವುದಕ್ಕೂ ಷೇರು ಪೇಟೆಯಲ್ಲಿ ಆಗುವುದಕ್ಕೂ ಆ ವರ್ಷ ಸಂಬಂಧವೇ ಇರಲಿಲ್ಲ.

ಚಾಲಿ ರಾಶಿ

ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು? ನಾವು ಅಡಕೆ ಬೆಳೆಯುವವರಿಗೆ ಇದು ಗೊತ್ತಿರುವ ವಿದ್ಯೆ. ದರ ಇಲ್ಲ ಅಂದರೆ ಚಾಲಿಯನ್ನು (ಒಣಗಿಸಿ ಸುಲಿದ ಅಡಕೆ) ಚೀಲ ಕಟ್ಟಿ ಅಟ್ಟದ ಮೇಲೆ ಇಡುತ್ತೇವೆ. 2020ರ ಏಪ್ರಿಲ್‌ನಲ್ಲಿ ಶಿರಸಿಯಲ್ಲಿ ಅಡಕೆ ಮಾರಾಟದ ಟೆಂಡರ್ ನಿಂತಿತ್ತು. ಯಾರೂ ಅಡಕೆಯನ್ನು ರಸ್ತೆಗೆ ಸುರಿಯಲಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ದರ ಏರಿತು, ಕಾದವರಿಗೆ ಒಳ್ಳೆಯದಾಯಿತು. ಷೇರನ್ನೂ ಹಾಗೇ ಇಟ್ಟರೆ ಆಯಿತು. ನಾನು ನನ್ನ ಷೇರು ಒಂದನ್ನೂ ಮಾರಲಿಲ್ಲ, ಮೇಲಿಂದ ಮೇಲೆ ಕೊಂಡೆ.

ಶಿರಸಿ ಪೇಟೆ

ಅಣ್ಣ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಇನ್ನರ್ಧದಲ್ಲಿ ಅಪಾಯ ಇದೆ.

ಅಡಕೆಯನ್ನು ಅಟ್ಟದ ಮೇಲೆ ಇಡಲು ಆಗುವುದು ಬೆಳೆಗಾರರ ಸಹಕಾರಿ ಸೊಸೈಟಿ ಇರುವುದರಿಂದ. ಅಡಕೆ ತಂದು ಇಟ್ಟರೆ ಅದರ ಮೇಲೆ ಮುಂಗಡ ಕೊಡುತ್ತಾರೆ, ಕಿರಾಣಿಯೂ ಖಾತೆಗೆ ಬರೆದು ಸಿಗುತ್ತದೆ. ಬೆಳೆ ಮಾರದೆಯೂ ಮನೆ ನಡೆಯುತ್ತದೆ. ಸೊಸೈಟಿಯ ಆಸರೆ ಇಲ್ಲದ ಸಣ್ಣ ಹಿಡುವಳಿಯವರು ಸಿಕ್ಕ ದರಕ್ಕೆ ಕೊಡುವುದನ್ನು ನೀವೂ ನೋಡಿದ್ದೀರಿ. ಅವರಿಗೆ ಕಾಯುವ ವಿದ್ಯೆ ಗೊತ್ತಿಲ್ಲವೇ? ಗೊತ್ತಿದೆ. ಕಾಯುವಾಗ ಉಣ್ಣುವುದು ಏನು ಅನ್ನುವುದೇ ಪ್ರಶ್ನೆ.

ಎರಡನೆಯದು, ಕೆಡದ ಅಡಕೆಗೆ ಏನಾದರೂ ಬೆಲೆ ಇದ್ದೇ ಇರುತ್ತದೆ. ಒಂದೊಂದು ಕಂಪನಿಗೆ ಹಾಗಲ್ಲ. 2020ರಲ್ಲಿ ಸೂಚ್ಯಂಕ ಎದ್ದಿತು. ಎಲ್ಲ ಕಂಪನಿಯೂ ಏಳಲಿಲ್ಲ. ಯೆಸ್ ಬ್ಯಾಂಕ್‌ನ ಪುನರ್ರಚನೆಯಲ್ಲಿ ನೂರಕ್ಕಿಂತ ಜಾಸ್ತಿ ಷೇರು ಇದ್ದವರ ಶೇ. 75 ಪಾಲನ್ನು ಮೂರು ವರ್ಷ ಮಾರದ ಹಾಗೆ ಕಟ್ಟಿಹಾಕಿದರು. "ಇನ್ನು ಕೆಳಗೆ ಹೋಗಲು ಜಾಗವೇ ಇಲ್ಲ" ಅಂತ ಕೊಳ್ಳುವವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾ ತೈಲದ ಬೆಲೆ ಸೊನ್ನೆಗೂ ಕೆಳಗೆ ಹೋಯಿತು, ಬ್ಯಾರೆಲ್‌ಗೆ ಮೈನಸ್ 37 ಡಾಲರ್. ಇಲ್ಲಿ ಸರಕು ವಹಿವಾಟಿನ ಪೇಟೆ ಎಂಸಿಎಕ್ಸ್‌ನಲ್ಲೂ ಆ ತಿಂಗಳ ಲೆಕ್ಕ ಮೈನಸ್‌ನಲ್ಲೇ ಮುಗಿಯಿತು. ಅಗ್ಗ ಅಂತ ಕೊಂಡವರು ಕೊಂಡ ದುಡ್ಡನ್ನೂ ಕಳೆದುಕೊಂಡು ಮೇಲಿಂದ ಕೈಯಿಂದ ಕಟ್ಟಿದರು.

ಚಾಲಿ ರಾಶಿ

ಕಂಪನಿ ನೋಡಿ ಕೊಳ್ಳಬೇಕು ಅನ್ನುವುದು ಸರಿ, ಒಪ್ಪಿದೆ. ಸೊಸೈಟಿಯ ಮಾತೂ ಸರಿ. ನನಗೆ ತೋಟದ ಆದಾಯ ಇತ್ತು, ಅದಕ್ಕೇ ಕೊಳ್ಳಲು ಆಯಿತು.

ಆದರೆ ಒಂದು ಹೇಳುತ್ತೇನೆ. ಬಿದ್ದಾಗ ಕೊಳ್ಳುವುದು ಬರೀ ಅದೃಷ್ಟದ ಆಟ ಅಂತ ಯಾರೂ ತಿಳಿಯಬೇಡಿ. 2008ರಲ್ಲಿ ನೋಡಿದ್ದೆ. ಜನವರಿಯಲ್ಲಿ 21 ಸಾವಿರ ಇದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8 ಸಾವಿರದ ಕೆಳಗೆ ಹೋಗಿತ್ತು. ಮೊದಲಿನ ಮಟ್ಟಕ್ಕೆ ಬರಲು 2010ರ ಕೊನೆಯವರೆಗೆ ಕಾಯಬೇಕಾಯಿತು. ಅದನ್ನು ಕಂಡವರಿಗೆ 2020ರಲ್ಲಿ ಕೈ ನಡುಗುವುದು ಕಡಿಮೆ. ಎರಡು ಮೂರು ವರ್ಷ ಕಾಯಬೇಕಾಗಬಹುದು ಅಂತಲೇ ಹೊರಟೆ. ಎಂಟು ತಿಂಗಳಲ್ಲಿ ಮೊದಲಿನ ಮಟ್ಟ ದಾಟುತ್ತದೆ ಅಂತ ನಾನೂ ಎಣಿಸಿರಲಿಲ್ಲ.

ಲೆಕ್ಕದ ಪುಸ್ತಕ

ಈ ಕೊನೆಯ ಮಾತನ್ನು ಹುಡುಗರು ಗಮನಿಸಬೇಕು. 2020 ಬೇಗ ಎದ್ದಿತು. ಮುಂದಿನದೂ ಅಷ್ಟೇ ಬೇಗ ಏಳುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಗುಡ್ಡದ ಸಿಗ್ನಲ್

ನಮ್ಮ ವಯಸ್ಸಿನವರ ಕಥೆಯನ್ನೂ ಹೇಳುತ್ತೇನೆ. ನಾನು ಐಟಿ ಕೆಲಸದವನು. ಲಾಕ್‌ಡೌನ್‌ನಲ್ಲಿ ಯಲ್ಲಾಪುರದ ಹತ್ತಿರದ ನಮ್ಮ ಊರಿಗೆ ಬಂದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮನೆ ಹಿಂದಿನ ಗುಡ್ಡದ ಮೇಲೆ ಒಂದು ಮರದ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು. ಅಲ್ಲೇ ತಾಡಪಾಲು ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಇಟ್ಟು ಆಫೀಸು. ಮಳೆ ಶುರುವಾದ ಮೇಲೆ ರಕ್ತ ಹೀರುವ ಉಂಬಳ ಬೇರೆ. ಅದೇ ಜಾಗಕ್ಕೆ ಅಕ್ಕಪಕ್ಕದ ಮನೆಯ ಹುಡುಗರೂ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಷೇರು ಇಡುವ ಡಿಮ್ಯಾಟ್ ಖಾತೆ ತೆರೆದದ್ದು ಆ ಮರದ ಕೆಳಗೇ. ಆಧಾರ್ ಓಟಿಪಿ ಬರಲು ಫೋನ್ ಎತ್ತಿ ಹಿಡಿದು ನಿಲ್ಲುತ್ತಿದ್ದರು.

ದೇಶದಲ್ಲೂ ಅದೇ ಆಯಿತು. ಮಾರ್ಚ್ 2020ಕ್ಕೆ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು ಎರಡೇ ವರ್ಷದಲ್ಲಿ 9 ಕೋಟಿಯ ಹತ್ತಿರ ಹೋದವು. ಮಾರ್ಕೆಟ್ ಬಿದ್ದಾಗ ಜನ ಹೆದರಿ ಓಡುತ್ತಾರೆ ಅನ್ನುವ ಮಾತಿಗೆ ಇದು ಪೂರ್ತಿ ಉಲ್ಟಾ.

ಆ ಹುಡುಗರು ಕೊಂಡದ್ದೆಲ್ಲ ಏರಿತು. ಔಷಧ ಕಂಪನಿ ಕೊಂಡರೂ ಏರಿತು, ಐಟಿ ಕೊಂಡರೂ ಏರಿತು. ಒಂದು ವರ್ಷ ಹೀಗೇ ನಡೆದರೆ ಯಾರಿಗಾದರೂ ತನಗೆ ಈ ವಿದ್ಯೆ ಒಲಿದಿದೆ ಅನ್ನಿಸುತ್ತದೆ. ಅಲ್ಲಿಂದ ಕೆಲವರು ಆಪ್ಷನ್ಸ್‌ಗೆ, ಅಂದರೆ ಮುಂದಿನ ಬೆಲೆಯ ಮೇಲೆ ಪಂಥ ಕಟ್ಟುವಂಥ ವಹಿವಾಟಿಗೆ ಹೋದರು. ನಮ್ಮ ಪಕ್ಕದ ಮನೆಯ ತಮ್ಮನಂಥವನು ಒಬ್ಬ ತಂಗಿಯ ಮದುವೆಗೆ ಇಟ್ಟ ದುಡ್ಡನ್ನು ಅದರಲ್ಲಿ ಕಳೆದ. ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನದ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಆಡಿದ ನೂರು ಜನರಲ್ಲಿ 93 ಜನರಿಗೆ ನಷ್ಟ. ಸರಾಸರಿ ನಷ್ಟ ಒಬ್ಬರಿಗೆ ಸುಮಾರು 2 ಲಕ್ಷ.

ಕುಸಿತದ ಪೆಟ್ಟು ಅವನಿಗೆ ಕುಸಿತದಲ್ಲಿ ಬೀಳಲಿಲ್ಲ. ಅದರ ನಂತರದ ಏರಿಕೆಯಲ್ಲಿ ಬಿತ್ತು. ನನಗೆ ಇದು ಇವತ್ತಿಗೂ ಸಂಕಟ.

ತದಡಿ ದಕ್ಕೆ

ನಮ್ಮ ಕಡೆಯ ಮಾತು ಬೇರೆ. ಬೋಟು ಇರುವ ಮನೆಯಲ್ಲಿ ಡೀಸೆಲ್, ಬಲೆ, ಆಳಿನ ಮುಂಗಡ, ಇದಕ್ಕೇ ದುಡ್ಡು ಹೋಗುತ್ತದೆ. ಷೇರು ಮಾಡಿದವರು ಕಡಿಮೆ. ನಮ್ಮ ಕೂಡಿಕೆ ಅಂದರೆ ಮನೆಯ ಹೆಂಗಸರ ಬಂಗಾರ.

2020ರ ಮಾರ್ಚ್ ಕೊನೆಗೆ ಬೋಟು ದಡದಲ್ಲಿ ನಿಂತವು. ಬಂಗಾರ ಅಡವಿಟ್ಟೆವು. ಆಗಸ್ಟ್ ಹೊತ್ತಿಗೆ ಹತ್ತು ಗ್ರಾಂಗೆ 56 ಸಾವಿರದ ಹತ್ತಿರ ಹೋಗಿತ್ತು. ಅದೇ ಆಗಸ್ಟ್‌ನಲ್ಲಿ ಬಂಗಾರದ ಬೆಲೆಯ ಶೇ. 90ರವರೆಗೂ ಸಾಲ ಕೊಡಲು ಆರ್‌ಬಿಐ ಬ್ಯಾಂಕುಗಳಿಗೆ ಬಿಟ್ಟಿತು, ಮೊದಲು 75 ಇತ್ತು. ನಮ್ಮ ಹಂಗಾಮು ಶುರುವಾಗುವುದೂ ಆಗಲೇ. ಬಂಗಾರ ಇದ್ದ ಮನೆ ಉಳಿಯಿತು.

ಬೇಸರದ ಮಾತು ಒಂದಿದೆ. ಅಡವಿಟ್ಟ ದುಡ್ಡನ್ನು ತೆಗೆದುಕೊಂಡು ಷೇರಿಗೆ ಹಾಕಿದ ಹುಡುಗರೂ ಇದ್ದರು. ಬಂದರೆ ಬಂತು, ಹೋದರೆ ಅಕ್ಕತಂಗಿಯರ ಕೊರಳಿನದ್ದು ಹೋಗುತ್ತದೆ. ಯಾರ ಹತ್ತಿರವೂ ಕೇಳದೆ ಹಾಗೆ ಮಾಡಬಾರದು.

ಅಕ್ಕೋರು ಕಾರವಾರ

ತದಡಿಯ ಅಣ್ಣ ಹೇಳಿದ್ದು ಮುಖ್ಯ ಮಾತು. ಮನೆಯಲ್ಲಿ ಹೇಳಿ ಮಾಡಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ.

2021ರ ಎರಡನೇ ಅಲೆಯಲ್ಲಿ ಮಾರ್ಕೆಟ್ ಹೆಚ್ಚು ಬೀಳಲಿಲ್ಲ. ಜನ ಮಾತ್ರ ತುಂಬಾ ಹೋದರು. ನನ್ನ ಜೊತೆ ಕೆಲಸ ಮಾಡಿದ ಒಬ್ಬರ ಯಜಮಾನರು ತೀರಿಕೊಂಡರು. ಅವರಿಗೆ ಷೇರು ಇತ್ತು ಅಂತ ಗೊತ್ತಾದದ್ದು ಆಮೇಲೆ ಫೋನಿಗೆ ಬಂದ ಡಿವಿಡೆಂಡ್ ಮೆಸೇಜಿನಿಂದ. ನಾಮಿನಿ ಹೆಸರು ಇರಲಿಲ್ಲ. ಮರಣ ಪತ್ರ, ವಾರಸುದಾರರ ಪತ್ರ, ಅಫಿಡವಿಟ್, ನಿರಾಕ್ಷೇಪಣಾ ಪತ್ರ ಅಂತ ತಿಂಗಳುಗಟ್ಟಲೆ ಓಡಾಡಿದರು. ಆ ದುಃಖದಲ್ಲಿ ಅದು ಬೇಕಿತ್ತೇ? 2021ರ ಅಕ್ಟೋಬರ್‌ನಿಂದ ಹೊಸ ಖಾತೆ ತೆರೆಯುವವರು ನಾಮಿನಿ ಕೊಡಬೇಕು ಅಥವಾ ಬೇಡ ಅಂತ ಬರೆದುಕೊಡಬೇಕು ಅಂತ ಸೆಬಿ ಮಾಡಿದೆ. ಹಳೆಯ ಖಾತೆ ಇರುವವರು ದಯವಿಟ್ಟು ಇವತ್ತೇ ತೆರೆದು ನೋಡಿ. ನಿಮ್ಮ ಮನೆಯವರಿಗೆ ಖಾತೆ ಎಲ್ಲಿದೆ ಅಂತ ಒಂದು ಕಾಗದದಲ್ಲಿ ಬರೆದಿಟ್ಟು ತೋರಿಸಿ.

ಮಾಜಾಳಿ ಗಡಿ

ಅಕ್ಕೋರೇ, ಈಗಷ್ಟೇ ನೋಡಿದೆ. ನನ್ನದರಲ್ಲಿ ನಾಮಿನಿ ಜಾಗ ಖಾಲಿ ಇತ್ತು. ಆಯಿಯ ಹೆಸರು ಹಾಕಿದೆ. ಆ್ಯಪ್‌ನಲ್ಲೇ ಆಯಿತು.

ನಿರ್ವಾಹಕ

ಇಲ್ಲಿ ಯಾವ ಷೇರು ಕೊಳ್ಳಬೇಕು ಅಂತ ಕೇಳಿದ ಎರಡು ಕಾಮೆಂಟ್ ತೆಗೆದಿದ್ದೇನೆ. ಅನುಭವ ಬರೆಯಿರಿ, ಟಿಪ್ಸ್ ಬೇಡ.

ಸಿದ್ದಾಪುರದ ಮಾಣಿ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪಯ್ಯನಿಗೆ ಓದಿ ಹೇಳಿದೆ. ಅಕ್ಕೋರದ್ದನ್ನೂ ಮಾಜಾಳಿಯವರದ್ದನ್ನೂ ಎರಡೆರಡು ಸಲ ಓದಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಮುಂದಿನ ಮಳೆಗಾಲದ ಅಡಕೆ ಕೊಳೆ ರೋಗದ ಮದ್ದಿನ ದುಡ್ಡು, ಮರ ಹತ್ತುವ ಕೊನೆಗೌಡನ ಸಂಬಳ, ಇದು ಆ ಫಂಡಿನಲ್ಲಿ ಇದೆಯೋ ಇಲ್ಲವೋ?"

ಇತ್ತು. ಕಳೆದ ವರ್ಷ ಅಡಕೆ ಮಾರಿದ ದುಡ್ಡಿನಲ್ಲಿ ಮನೆ ಖರ್ಚಿನ ಪಾಲೂ ಅದರಲ್ಲೇ ಸೇರಿದೆ. ಅಪ್ಪಯ್ಯ ಯಾಕೆ "ತೆಗೆ" ಅನ್ನುತ್ತಿದ್ದರು ಅಂತ ಈಗ ಅರ್ಥ ಆಯಿತು. ಅವರ ಭಯ ಮಾರ್ಕೆಟ್ ಬಗ್ಗೆ ಇರಲಿಲ್ಲ, ಜೂನ್ ತಿಂಗಳ ಬಗ್ಗೆ ಇತ್ತು.

ಹಾಗಾಗಿ ಒಂದು ವರ್ಷದ ತೋಟದ ಖರ್ಚು ಮತ್ತು ಮನೆ ಖರ್ಚಿನಷ್ಟನ್ನು ತೆಗೆದು ಠೇವಣಿ ಇಡುತ್ತೇವೆ. ಉಳಿದದ್ದನ್ನು ಮುಟ್ಟುವುದಿಲ್ಲ, ಎಸ್‌ಐಪಿ ನಿಲ್ಲಿಸುವುದಿಲ್ಲ. ಇದಕ್ಕೆ ಅಪ್ಪಯ್ಯ ಒಪ್ಪಿದ್ದಾರೆ. ಲೆಕ್ಕದ ಸರ್, ಹೀಗೆ ತೆಗೆಯುವಾಗ ತೆರಿಗೆ ಹೇಗೆ ಬರುತ್ತದೆ?

ಚಾಲಿ ರಾಶಿ

ಒಂದು ವರ್ಷ ಸಾಕಾಗುವುದಿಲ್ಲ ಮಾಣಿ. ಕೊಳೆ ಬಂದ ವರ್ಷ ಬೆಳೆ ಅರ್ಧ ಆಗುತ್ತದೆ. ಒಂದೂವರೆ ವರ್ಷದ್ದು ಇಡು.

ಲೆಕ್ಕದ ಪುಸ್ತಕ

ಚಾಲಿಯಣ್ಣ ಹೇಳಿದ ಹಾಗೆ ಮಾಡಿ. ಸಂಬಳದವರಿಗೆ ಆರು ತಿಂಗಳ ಖರ್ಚು ಅಂತ ಹೇಳುತ್ತಾರೆ. ವರ್ಷಕ್ಕೊಮ್ಮೆ ಆದಾಯ ಬರುವ ಮನೆಗೆ ಅದು ಏನೇನೂ ಸಾಲದು.

ತೆರಿಗೆಯ ವಿಷಯ. ಈಕ್ವಿಟಿ ಫಂಡ್ ಆದರೆ, ಮೊದಲು ಹಾಕಿದ ಯೂನಿಟ್ಟೇ ಮೊದಲು ಹೋಯಿತು ಅಂತ ಲೆಕ್ಕ. ಪ್ರತಿ ಎಸ್‌ಐಪಿ ಕಂತಿಗೂ ಅದರದ್ದೇ ಒಂದು ವರ್ಷ ಎಣಿಸಬೇಕು. ಒಂದು ವರ್ಷಕ್ಕಿಂತ ಹಳೆಯ ಯೂನಿಟ್‌ಗಳ ಲಾಭದಲ್ಲಿ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ. 12.5. ವರ್ಷ ತುಂಬದ್ದಕ್ಕೆ ಶೇ. 20. ಇದು 2024ರ ಜುಲೈ 23ರಿಂದ ಬಂದ ದರ. ಲಾಭ ಜಾಸ್ತಿ ಇದ್ದರೆ ಮಾರ್ಚ್ 31ರ ಮೊದಲು ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ ತೆಗೆಯಿರಿ, ಎರಡು ವರ್ಷದ ಮಿತಿ ಸಿಗುತ್ತದೆ. ವರ್ಷದೊಳಗೆ ತೆಗೆದರೆ ಕೆಲವು ಫಂಡ್‌ಗಳಲ್ಲಿ ಎಕ್ಸಿಟ್ ಲೋಡ್ (ಬೇಗ ತೆಗೆದದ್ದಕ್ಕೆ ಹಿಡಿಯುವ ಶುಲ್ಕ) ಇರುತ್ತದೆ, ಅದನ್ನು ಸ್ಟೇಟ್‌ಮೆಂಟ್‌ನಲ್ಲಿ ನೋಡಿಕೊಂಡು ಆಮೇಲೆ ಅರ್ಜಿ ಹಾಕಿ.